ಐಸಿಯು ಬಾಗಿಲಿನ ಆಚೆ ಅಪ್ಪನಿಗೆ ಊಟ ಸಿಗುತ್ತಿದೆಯೇ?

ಓದುಗರ ಪ್ರಶ್ನೆ, ಆಹಾರ ತಜ್ಞೆಯ ಉತ್ತರ

ಕೀಮೋಥೆರಪಿಯ ದಿನಗಳಲ್ಲಿ ಏನು ತಿನ್ನಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಬೇರೆಯದೇ ಸಂಕಟವನ್ನು ಹೊತ್ತು ಬಂದಿವೆ. ರೋಗಿ ಬಾಯಿ ತೆರೆಯುವ ಸ್ಥಿತಿಯಲ್ಲೇ ಇಲ್ಲದಿದ್ದರೆ ಊಟದ ಗತಿ ಏನು? ಮುಂಬಯಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ನಾನು ಈ ಪ್ರಶ್ನೆಯನ್ನು ದಿನವೂ ಕೇಳಿಸಿಕೊಳ್ಳುತ್ತೇನೆ. ಪರೇಲ್‌ನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾಯಿತು. ಗದಗ, ಹಾವೇರಿ, ವಿಜಯಪುರ, ಕಾರವಾರದ ಕಡೆಯವರು ಕ್ಯಾನ್ಸರ್ ಎಂದೊಡನೆ ಇಂದಿಗೂ ಮುಂಬಯಿಯ ರೈಲು ಹತ್ತುತ್ತಾರೆ. ಅವರ ಕೈಯಿಂದ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿಸುತ್ತೇವೆ, ಔಷಧದ ಚೀಟಿ ಕೊಟ್ಟು ಓಡಿಸುತ್ತೇವೆ. ಆದರೆ ಅವರ ಮನೆಯವರ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುವವರು ಕಡಿಮೆ. ಇದು ನನಗೆ ಸಹಿಸಲಾಗದ ಸಂಗತಿ. ಆದ್ದರಿಂದ ಈ ಬಾರಿಯ ಅಂಕಣ ಪೂರ್ತಿ ಐಸಿಯುವಿಗೇ ಮೀಸಲು.

ಪ್ರಶ್ನೆ: ನನ್ನ ತಂದೆಗೆ ಅನ್ನನಾಳದ ಕ್ಯಾನ್ಸರ್. ಚಿಕಿತ್ಸೆ ಶುರುವಾಗುವ ಮೊದಲೇ ನ್ಯುಮೋನಿಯಾ ಆಗಿ ವೆಂಟಿಲೇಟರ್ ಹಾಕಿದ್ದಾರೆ. ತೂಕ ಈಗ 46 ಕಿಲೋ. ಮೂಗಿನ ನಳಿಕೆಯಲ್ಲಿ ಗಂಟೆಗೆ 20 ಮಿಲಿಲೀಟರ್ ಬಿಳಿ ದ್ರವ ಮಾತ್ರ ಬಿಡುತ್ತಿದ್ದಾರೆ. ನಾಲ್ಕು ಚಮಚವೂ ಸರಿಯಾಗಿ ಆಗುವುದಿಲ್ಲ. ಊರಲ್ಲಿ ಒಂದೂವರೆ ತಿಂಗಳಿನಿಂದ ಚಹಾ, ಮಜ್ಜಿಗೆ ಬಿಟ್ಟು ಏನೂ ಗಂಟಲಿನಿಂದ ಇಳಿಯುತ್ತಿರಲಿಲ್ಲ. ಈಗ ಇಲ್ಲಿಯೂ ಅವರನ್ನು ಉಪವಾಸ ಕೆಡವುತ್ತಿದ್ದಾರೆಯೇ?
ಮಗಳು, ಡೊಂಬಿವಲಿ

ಉತ್ತರ: ಮೊದಲು ಲೆಕ್ಕ ಮಾಡೋಣ. ಗಂಟೆಗೆ 20 ಎಂದರೆ ದಿನಕ್ಕೆ 480 ಮಿಲಿಲೀಟರ್. ನಳಿಕೆಯಲ್ಲಿ ಬಿಡುವ ಈ ದ್ರವ ಆಹಾರಕ್ಕೆ ನಾವು ಫೀಡ್ ಎನ್ನುತ್ತೇವೆ. ಸಾಮಾನ್ಯ ಫೀಡ್‌ನಲ್ಲಿ ಪ್ರತಿ ಮಿಲಿಲೀಟರಿಗೆ ಒಂದು ಕ್ಯಾಲೊರಿ ಇರುತ್ತದೆ. ಅದನ್ನು 46 ಕಿಲೋಗೆ ಭಾಗಿಸಿದರೆ ಕಿಲೋಗೆ ಸುಮಾರು 10 ಕ್ಯಾಲೊರಿ ಬರುತ್ತದೆ. ಬಹುದಿನ ಹಸಿದ ದೇಹಕ್ಕೆ ಮತ್ತೆ ಆಹಾರ ಕೊಡಲು ಆರಂಭಿಸುವಾಗ ಇದಕ್ಕಿಂತ ಹೆಚ್ಚು ಬೇಡ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ನಿಯಮಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವ ಮಿತಿಯೂ ಇದೇ. ಹಾಗಾಗಿ ನಿಮ್ಮ ತಂದೆಯ ಆಹಾರವನ್ನು ಯಾರೋ ಯೋಚಿಸಿಯೇ ಅಳೆದಿರುವಂತೆ ಕಾಣುತ್ತದೆ.

ಅಷ್ಟು ಕಡಿಮೆ ಏಕೆ ಎಂಬುದಕ್ಕೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಒಂದೂವರೆ ತಿಂಗಳು ಚಹಾ, ಮಜ್ಜಿಗೆಯ ಮೇಲೆ ಇದ್ದವರ ದೇಹ ಸಕ್ಕರೆಯ ಬಳಕೆಯನ್ನು ಬಿಟ್ಟು ತನ್ನದೇ ಕೊಬ್ಬು ಮತ್ತು ಮಾಂಸವನ್ನು ಕರಗಿಸಿ ಬದುಕುವುದನ್ನು ರೂಢಿಸಿಕೊಂಡಿರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಸಂಗ್ರಹಗಳು ತಳ ಕಂಡಿರುತ್ತವೆ. ರಕ್ತ ಪರೀಕ್ಷೆಯಲ್ಲಿ ಮಾತ್ರ ಎಲ್ಲ ಸರಿಯಾಗಿರುವಂತೆ ಕಾಣಬಹುದು. ಆಗ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ಇನ್ಸುಲಿನ್ ಏರುತ್ತದೆ ಮತ್ತು ಜೀವಕೋಶಗಳು ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಫಾಸ್ಫೇಟನ್ನು, ಪೊಟ್ಯಾಸಿಯಮನ್ನು ಒಳಗೆ ಎಳೆದುಕೊಳ್ಳುತ್ತವೆ. ಬಿಸಿಲಿಗೆ ಬಿರುಕು ಬಿಟ್ಟ ಕೆರೆ ಏರಿಯ ಮೇಲೆ ಏಕಾಏಕಿ ಹೊಳೆಯ ನೀರು ನುಗ್ಗಿಸಿದ ಹಾಗೆ ಆಗುತ್ತದೆ ಅದು. ಹೃದಯದ ಬಡಿತ ತಪ್ಪುತ್ತದೆ. ಉಸಿರಾಟದ ಸ್ನಾಯುಗಳು ಸೋಲುತ್ತವೆ, ವೆಂಟಿಲೇಟರ್ ತೆಗೆಯಲು ಆಗುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಹಲವರು ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಸತ್ತರು. ವೈದ್ಯರು ಈ ಅಪಾಯವನ್ನು ಗಂಭೀರವಾಗಿ ಗಮನಿಸಿದ್ದು ಆಗಲೇ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ.

ಆದ್ದರಿಂದ ಇಂಥವರಿಗೆ ಫೀಡ್ ಬಿಡುವ ಮೊದಲೇ ಥಯಮಿನ್, ಅಂದರೆ ಬಿ1 ಜೀವಸತ್ವವನ್ನು ಕೊಡಬೇಕು. ಮೊದಲ ಕೆಲವು ದಿನ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ದಿನವೂ ನೋಡಬೇಕು. ಅವು ಸ್ಥಿರವಾಗಿದ್ದರೆ ನಾಲ್ಕರಿಂದ ಏಳು ದಿನಗಳಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಬೇಕು. ಐದಾರು ದಿನ ಕಳೆದ ಮೇಲೂ ಗಂಟೆಗೆ 20ರಲ್ಲೇ ನಿಂತಿದ್ದರೆ ಆಗ ನೀವು ದನಿ ಎತ್ತಬೇಕು.

ಇನ್ನೊಂದು ಕಾರಣವೂ ಇದೆ, ಇದು ಹಸಿದು ಬರದ ರೋಗಿಗಳಿಗೂ ಅನ್ವಯಿಸುತ್ತದೆ. ತೀವ್ರ ಸೋಂಕಿನ ಮೊದಲ ದಿನಗಳಲ್ಲಿ ದೇಹ ತಾನೇ ಸ್ನಾಯುವನ್ನು ಒಡೆದು ಸಕ್ಕರೆ ತಯಾರಿಸುತ್ತಿರುತ್ತದೆ. ನಾವು ಹೊರಗಿನಿಂದ ಎಷ್ಟು ಸುರಿದರೂ ಅದು ನಿಲ್ಲುವುದಿಲ್ಲ. ಯುರೋಪಿನ ಪೋಷಣಾ ತಜ್ಞರ ಎಸ್ಪೆನ್ ಸಂಘದ 2019ರ ಮಾರ್ಗಸೂಚಿ ಇದನ್ನು ಗಮನದಲ್ಲಿಟ್ಟುಕೊಂಡು, ಬಾಯಿಂದ ತಿನ್ನಲಾಗದವರಿಗೆ 48 ಗಂಟೆಯೊಳಗೆ ನಳಿಕೆ ಆಹಾರ ಆರಂಭಿಸಿ, ಆದರೆ ಮೊದಲ ದಿನಗಳಲ್ಲಿ ಅಗತ್ಯದ ಶೇಕಡ 70ನ್ನು ಮೀರಬೇಡಿ ಎಂದಿತು. ಪ್ರೋಟೀನನ್ನು ಮಾತ್ರ ಕ್ರಮೇಣ ಕಿಲೋಗೆ ದಿನಕ್ಕೆ 1.3 ಗ್ರಾಂವರೆಗೆ ಒಯ್ಯಬೇಕು. ನಿಮ್ಮ ತಂದೆಗೆ ಅದು ಸುಮಾರು 60 ಗ್ರಾಂ ಆಗುತ್ತದೆ. ಅದು ಏಕೆ ಮುಖ್ಯ ಎಂದರೆ, ಲಂಡನ್ನಿನ ಸಂಶೋಧಕರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ದಿನಗಳಲ್ಲಿ ಅದರ ಗಾತ್ರ ಶೇಕಡ 17ಕ್ಕಿಂತ ಹೆಚ್ಚು ಕುಗ್ಗಿತ್ತು. ಕ್ಯಾನ್ಸರ್ ರೋಗಿ ಐಸಿಯುವಿಗೆ ಬರುವ ಮೊದಲೇ ಸೊರಗಿರುತ್ತಾನೆ. ಅವನಿಗೆ ಕಳೆದುಕೊಳ್ಳಲು ಅಷ್ಟು ಸ್ನಾಯುವೇ ಇರುವುದಿಲ್ಲ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಆ "ಒಂದೂವರೆ ತಿಂಗಳು" ಎಂಬ ಮಾತನ್ನು ಐಸಿಯುವಿನವರಿಗೆ ಹೇಳಿದ್ದೀರಾ? ನಾವು ಮಂಚದ ಮೇಲೆ ಕಾಣುವುದು 46 ಕಿಲೋದ ಒಬ್ಬ ಮನುಷ್ಯನನ್ನು ಮಾತ್ರ. ಅವರು ಯುಗಾದಿಯ ಹೊತ್ತಿಗೆ 58 ಕಿಲೋ ಇದ್ದರೋ, 48 ಇದ್ದರೋ ನಮಗೆ ತಿಳಿಯದು. ಕೇಳಲು ಅವರಿಗೆ ಪ್ರಜ್ಞೆ ಇರುವುದಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು ಎಷ್ಟು ತೂಕವಿತ್ತು, ಯಾವ ತಿಂಗಳಿನಿಂದ ಇಳಿಯತೊಡಗಿತು, ರೊಟ್ಟಿ ಯಾವಾಗ ನಿಂತಿತು, ಅನ್ನ ಯಾವಾಗ ನಿಂತಿತು, ಗಂಜಿ ಯಾವಾಗ ನಿಂತಿತು, ವಾಂತಿ ಇತ್ತೇ, ಮದ್ಯಪಾನದ ಅಭ್ಯಾಸವಿತ್ತೇ, ಸಕ್ಕರೆ ಕಾಯಿಲೆಗೆ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಮದ್ಯದ ವಿಷಯವನ್ನು ಸಂಕೋಚಪಟ್ಟು ಮುಚ್ಚಿಡಬೇಡಿ, ಥಯಮಿನ್ ಪ್ರಮಾಣ ಅದರ ಮೇಲೆ ನಿಂತಿರುತ್ತದೆ. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹೊಡೆಸಿದ್ದನ್ನು ಮಗನೊಬ್ಬ ಬೆಲ್ಟ್ ಸಮೇತ ತಂದು ನನಗೆ ತೋರಿಸಿದ್ದ. ಹಳೆಯ ತೂತಿಗೂ ಹೊಸ ತೂತಿಗೂ ನಡುವೆ ನಾಲ್ಕು ಬೆರಳಿನ ಅಂತರ ಇತ್ತು. ಯಾವ ಪರೀಕ್ಷೆಯ ವರದಿಯಲ್ಲೂ ಇಲ್ಲದ ಮಾಹಿತಿ ಅದು, ಆ ದಿನದ ಫೀಡನ್ನು ಅದನ್ನು ನೋಡಿಯೇ ಬದಲಿಸಿದೆವು.

ಹಾಗೆಯೇ ದಿನವೂ ಎರಡು ಪ್ರಶ್ನೆ ಕೇಳಿ. ಇಂದಿನ ಗುರಿ ಎಷ್ಟು? ನಿನ್ನೆ ನಿಜವಾಗಿ ಒಳಗೆ ಹೋದದ್ದು ಎಷ್ಟು? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನರ್ಸ್ ಚಾರ್ಟ್ ತೆರೆಯಬೇಕಾಗುತ್ತದೆ. ಆ ಚಾರ್ಟ್ ತೆರೆಯುವುದೇ ನನಗೆ ಬೇಕಾದದ್ದು.

ಪ್ರಶ್ನೆ: ಬಾಯಿ ಕ್ಯಾನ್ಸರ್ ಆಗಿರುವ ನನ್ನ ಅಣ್ಣ ಐಸಿಯುವಿನಲ್ಲಿದ್ದಾನೆ. ಡಬ್ಬದ ಪುಡಿಯ ಫೀಡ್ ಕೊಡುತ್ತಾರೆ. ಮನೆಯಿಂದ ರಾಗಿ ಗಂಜಿ, ಬೇಳೆ ಕಟ್ಟು ಮಾಡಿ ತಂದರೆ ಒಳಗೆ ಬಿಡುವುದಿಲ್ಲ. ರಾಗಿಗಿಂತ ಡಬ್ಬದ ಪುಡಿ ಮೇಲೇ? ಡಬ್ಬ ಬಲು ದುಬಾರಿಯೂ ಹೌದು.
ತಮ್ಮ, ಕಲ್ಯಾಣ್

ಉತ್ತರ: ನಸುಕಿನಲ್ಲೇ ಎದ್ದು ಗಂಜಿ ಕಾಯಿಸಿ, ಥರ್ಮಾಸ್ ಹಿಡಿದು ಕಲ್ಯಾಣ್ ಲೋಕಲ್‌ನಲ್ಲಿ ನಿಂತು ಬಂದವರನ್ನು ಬಾಗಿಲಲ್ಲೇ ವಾಪಸು ಕಳಿಸುವುದನ್ನು ನೋಡಿದರೆ ನನಗೂ ಕರುಳು ಚುರುಕ್ ಎನ್ನುತ್ತದೆ. ಆದರೂ ಐಸಿಯುವಿನಲ್ಲಿ ನಾನು ಆ ಗಂಜಿಯನ್ನು ನಳಿಕೆಗೆ ಹಾಕಿಸುವುದಿಲ್ಲ.

ರಾಗಿ ಒಳ್ಳೆಯ ಧಾನ್ಯ, ಸುಣ್ಣದ ಅಂಶದಲ್ಲಿ ಅಕ್ಕಿ, ಗೋಧಿಗಳು ಅದರ ಹತ್ತಿರವೂ ಬರುವುದಿಲ್ಲ. ಆದರೆ ನಳಿಕೆಯಲ್ಲಿ ಇಳಿಯಬೇಕಾದರೆ ಗಂಜಿಯನ್ನು ನೀರಾಗಿಸಬೇಕು. 200 ಮಿಲಿಲೀಟರಿಗೆ 20 ಗ್ರಾಂ ಹಿಟ್ಟು ಹಾಕಿದರೆ ಸಿಗುವುದು ಸುಮಾರು 65 ಕ್ಯಾಲೊರಿ, ಒಂದೂವರೆ ಗ್ರಾಂಗಿಂತಲೂ ಕಡಿಮೆ ಪ್ರೋಟೀನ್. ಅಷ್ಟೇ ಪ್ರಮಾಣದ ಸಾಮಾನ್ಯ ಫೀಡ್‌ನಲ್ಲಿ 200 ಕ್ಯಾಲೊರಿ, ಸುಮಾರು 8 ಗ್ರಾಂ ಪ್ರೋಟೀನ್ ಇರುತ್ತದೆ. ಹಿಟ್ಟು ಹೆಚ್ಚಿಸಿ ಗಟ್ಟಿ ಮಾಡಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಬಾಯಿಗೆ ಶಸ್ತ್ರಚಿಕಿತ್ಸೆ ಆದವರಿಗೆ ಹೊಲಿಗೆಯ ಪಕ್ಕದಲ್ಲಿ ಮತ್ತೊಮ್ಮೆ ನಳಿಕೆ ತೂರಿಸುವುದು ಯಾತನೆಯ ಕೆಲಸ, ಅಪಾಯದ್ದೂ ಹೌದು.

ಸೋಂಕಿನ ಭಯ ಇದಕ್ಕಿಂತ ದೊಡ್ಡದು. ಕಲ್ಯಾಣ್‌ನಿಂದ ಪರೇಲ್‌ವರೆಗೆ ಬೆಚ್ಚಗಿನ ಡಬ್ಬದಲ್ಲಿ ಕುಳಿತ ಬೇಳೆ ಕಟ್ಟು ರೋಗಾಣುಗಳಿಗೆ ಬಲು ಹಿತವಾದ ಮನೆ. ನಮಗೆ ಅದರಿಂದ ಏನೂ ಆಗದೆ ಇರಬಹುದು. ಕೀಮೋ ಪಡೆದು ಬಿಳಿ ರಕ್ತಕಣ ಕುಸಿದಿರುವವನಿಗೆ, ಜಠರದ ಆಮ್ಲ ತಗ್ಗಿಸುವ ಔಷಧವನ್ನೂ ಪಡೆಯುತ್ತಿರುವವನಿಗೆ ಅದು ಪ್ರಾಣಕ್ಕೇ ಕುತ್ತು ತರಬಹುದು. ಆಸ್ಪತ್ರೆಯಲ್ಲೇ ಪುಡಿ ಕಲಸಿದ ಫೀಡನ್ನೂ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೂಗುಹಾಕುವಂತಿಲ್ಲ.

ಬೆಲೆಯ ಬಗ್ಗೆ ನಿಮ್ಮ ಮಾತು ಸರಿ. ಡಬ್ಬದ ಹೆಸರು ನೋಡಿ ಮರುಳಾಗಬೇಡಿ. "ಕ್ಯಾನ್ಸರ್ ವಿಶೇಷ", "ರೋಗನಿರೋಧಕ" ಎಂದು ಬರೆದದ್ದೇ ಬೇಕೆಂದೇನಿಲ್ಲ, ಹೆಚ್ಚಿನವರಿಗೆ ಸಾಮಾನ್ಯ ಪ್ರೋಟೀನ್‌ಯುಕ್ತ ಫೀಡ್ ಸಾಕು. ಇದಕ್ಕಿಂತ ಅಗ್ಗದ, ಇಷ್ಟೇ ಪ್ರೋಟೀನ್ ಇರುವುದು ಯಾವುದಿದೆ ಎಂದು ಆಹಾರ ತಜ್ಞರನ್ನು ನೇರವಾಗಿ ಕೇಳಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೂ ಕಾಣಿರಿ. ಔಷಧಕ್ಕೆ ನೆರವು ಕೇಳುವಷ್ಟೇ ಧೈರ್ಯದಿಂದ ಫೀಡ್‌ಗೂ ನೆರವು ಕೇಳಿ.

ಪ್ರಶ್ನೆ: ನನ್ನ ಅತ್ತಿಗೆಗೆ ದಿನಕ್ಕೆ ಎರಡು ಬಾಟಲಿ ಗ್ಲೂಕೋಸ್ ಸಲೈನ್ ಹೋಗುತ್ತಿದೆ. ಹಾಗಾಗಿ ಊಟದ ಚಿಂತೆ ಇಲ್ಲ ಎಂದು ಮನೆಯವರೆಲ್ಲ ಸಮಾಧಾನದಲ್ಲಿದ್ದಾರೆ. ಇದು ಸರಿಯೇ?
ಓದುಗರು, ವಡಾಲಾ

ಉತ್ತರ: ಸರಿಯಲ್ಲ. ಅರ್ಧ ಲೀಟರಿನ ಎರಡು ಬಾಟಲಿ, ಅಂದರೆ ಒಂದು ಲೀಟರ್ 5 ಶೇಕಡ ಡೆಕ್ಸ್ಟ್ರೋಸ್‌ನಲ್ಲಿ ಇರುವುದು 50 ಗ್ರಾಂ ಸಕ್ಕರೆ. ಅದರಿಂದ ಬರುವುದು 170 ಕ್ಯಾಲೊರಿ, ಒಂದು ಜೋಳದ ರೊಟ್ಟಿಯಲ್ಲಿ ಇರುವಷ್ಟು. ಪ್ರೋಟೀನ್ ಸೊನ್ನೆ. ಬರಿಯ ನಾರ್ಮಲ್ ಸಲೈನ್ ಆದರೆ ಕ್ಯಾಲೊರಿಯೂ ಸೊನ್ನೆ. ಅದು ನೀರು ಮತ್ತು ಉಪ್ಪು, ಅಷ್ಟೇ. ಎರಡು ದಿನಕ್ಕಿಂತ ಹೆಚ್ಚು ಸಲೈನ್ ಒಂದರ ಮೇಲೇ ಇದ್ದರೆ ಇಂದೇ ಹೋಗಿ ಕೇಳಿ.

ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡುವ ವಿಧಾನ ಬೇರೆ ಇದೆ. ಅಮೈನೋ ಆಮ್ಲ, ಗ್ಲೂಕೋಸ್, ಕೊಬ್ಬು ಮೂರೂ ಇರುವ ದೊಡ್ಡ ಬಿಳಿ ಚೀಲವನ್ನು ಸಾಮಾನ್ಯವಾಗಿ ಕುತ್ತಿಗೆಯ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಜೋಡಿಸುತ್ತಾರೆ. ಕರುಳು ಗೆಡ್ಡೆಯಿಂದ ಮುಚ್ಚಿಹೋಗಿದ್ದರೆ, ಕರುಳು ಸೋರುತ್ತಿದ್ದರೆ ಅದು ಜೀವ ಉಳಿಸುತ್ತದೆ. ಆದರೆ ರಕ್ತದ ಸೋಂಕು, ಸಕ್ಕರೆಯ ಏರಿಳಿತ, ಯಕೃತ್ತಿನ ತೊಂದರೆಗಳ ಅಪಾಯ ಇರುವುದರಿಂದ ಕರುಳು ಕೆಲಸ ಮಾಡುತ್ತಿರುವವರೆಗೆ ನಾವು ಕರುಳನ್ನೇ ನಂಬುತ್ತೇವೆ. ಇನ್ನೊಂದು ಮಾತು. ನಿದ್ರೆಗಾಗಿ ಕೊಡುವ ಪ್ರೊಪೊಫೋಲ್ ಕೂಡ ಹಾಲಿನಂತೆ ಬಿಳಿಯಾಗಿರುತ್ತದೆ. ಅದನ್ನು ಕಂಡು ಆಹಾರ ಎಂದುಕೊಳ್ಳುವವರಿದ್ದಾರೆ. ಅದರ ಕೊಬ್ಬಿನಿಂದ ಮಿಲಿಲೀಟರಿಗೆ 1.1 ಕ್ಯಾಲೊರಿ ಬರುವುದು ನಿಜ, ನಾವು ಅದನ್ನು ಲೆಕ್ಕದಲ್ಲಿ ಕಳೆಯುತ್ತೇವೆ. ಆದರೆ ಅದು ಔಷಧ.

ಪ್ರಶ್ನೆ: ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್, ಕೀಮೋ ಬಳಿಕ ಸೋಂಕಾಗಿ ಐಸಿಯುವಿನಲ್ಲಿದ್ದಾಳೆ. ರಕ್ತದೊತ್ತಡ ಬಿದ್ದಿದೆ ಎಂದು ಫೀಡ್ ನಿಲ್ಲಿಸಿದರು. ಆಮೇಲೆ ಸಿಟಿ ಸ್ಕ್ಯಾನ್‌ಗೆಂದು, ಆಮೇಲೆ ಗಂಟಲಿನಲ್ಲಿ ತೂತು ಮಾಡುವುದಕ್ಕೆಂದು, ಈಗ ಭೇದಿ ಎಂದು ನಿಲ್ಲಿಸಿದ್ದಾರೆ. ಕೊಟ್ಟದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು.
ಪತಿ, ಠಾಣೆ

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಯಾವ ಅರ್ಧ ಎಂದು ಬಿಡಿಸಿ ಹೇಳುತ್ತೇನೆ.

ರಕ್ತದೊತ್ತಡ ಬಿದ್ದು ಅದನ್ನು ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್ ಔಷಧದ ಪ್ರಮಾಣ ಏರುತ್ತಿರುವಾಗ ನಿಲ್ಲಿಸಿದ್ದು ಸರಿ. ಆಗ ದೇಹವು ಕರುಳಿನ ರಕ್ತವನ್ನು ಕಡಿತ ಮಾಡಿ ಹೃದಯ, ಮಿದುಳಿಗೆ ಕಳಿಸುತ್ತಿರುತ್ತದೆ. ರಕ್ತವಿಲ್ಲದ ಕರುಳಿಗೆ ಕೆಲಸ ಹಚ್ಚಿದರೆ ಕರುಳೇ ಸಾಯಬಹುದು. ಫ್ರಾನ್ಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ನ್ಯೂಟ್ರಿರಿಯಾ-2 ಎಂಬ ದೊಡ್ಡ ಅಧ್ಯಯನದಲ್ಲಿ, ಶಾಕ್ ಸ್ಥಿತಿಯಲ್ಲಿದ್ದವರಿಗೆ, ಅಂದರೆ ರಕ್ತದೊತ್ತಡ ಹೀಗೆ ಕುಸಿದವರಿಗೆ, ಬೇಗನೆ ನಳಿಕೆಯಲ್ಲಿ ಪೂರ್ಣ ಆಹಾರ ಕೊಟ್ಟ ಗುಂಪಿನಲ್ಲಿ ಕರುಳಿನ ರಕ್ತಕೊರತೆ ಹೆಚ್ಚಾಗಿ ಕಂಡಿತು. ಒತ್ತಡ ಸ್ಥಿರವಾಗಿ ಔಷಧ ಇಳಿಯತೊಡಗಿದ ಮೇಲೆ ಸಣ್ಣ ಪ್ರಮಾಣದಲ್ಲಿ ಶುರು ಮಾಡುವುದೇ ಕ್ಷೇಮ.

ಸ್ಕ್ಯಾನ್‌ಗೂ, ಗಂಟಲಿನಲ್ಲಿ ತೂತು ಮಾಡುವ ಟ್ರೇಕಿಯಾಸ್ಟಮಿಗೂ ಕೆಲವು ಗಂಟೆ ನಿಲ್ಲಿಸಬೇಕಾಗುತ್ತದೆ. ಆದರೆ ಬೆಳಿಗ್ಗೆ ಹತ್ತಕ್ಕೆ ಇದ್ದ ಸ್ಕ್ಯಾನ್ ಸಂಜೆಗೆ ಹೋಯಿತು, ಫೀಡ್ ಮಾತ್ರ ರಾತ್ರಿಯಿಂದ ನಿಂತೇ ಇದೆ, ಸ್ಕ್ಯಾನ್ ಮುಗಿದ ಮೇಲೂ ಯಾರೂ ಶುರು ಮಾಡಲಿಲ್ಲ. ಇಂಥದ್ದು ಬೇಕಾದಷ್ಟು ನಡೆಯುತ್ತದೆ. ನಿಲ್ಲಿಸಿದ ಸಮಯವನ್ನು ಎಲ್ಲರೂ ಬರೆಯುತ್ತಾರೆ, ಮತ್ತೆ ಆರಂಭಿಸುವ ಸಮಯವನ್ನು ಯಾರೂ ಬರೆಯುವುದಿಲ್ಲ. ಪ್ರತಿ ಐಸಿಯು ಮಂಚದ ಬಳಿಯೂ ಇವೆರಡನ್ನೂ ಬರೆಯಲು ಜಾಗ ಇರಲೇಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ನೀವು ಕೇಳಬೇಕಾದದ್ದು "ಏಕೆ ನಿಲ್ಲಿಸಿದಿರಿ" ಎಂದಲ್ಲ, "ಮತ್ತೆ ಎಷ್ಟು ಗಂಟೆಗೆ ಶುರು ಮಾಡುತ್ತೀರಿ" ಎಂದು. ತಪ್ಪಿದ ಪ್ರಮಾಣವನ್ನು ಉಳಿದ ಗಂಟೆಗಳಲ್ಲಿ ವೇಗ ಹೆಚ್ಚಿಸಿ ತುಂಬಿಸಲು ಸಾಧ್ಯವೇ ಎಂದೂ ಕೇಳಿ. ಎಷ್ಟೋ ರೋಗಿಗಳಲ್ಲಿ ಅದು ಸಾಧ್ಯ.

ಭೇದಿಗೆ ಫೀಡ್ ಕಾರಣವಾಗಿರುವುದು ಅಪರೂಪ. ಹೆಚ್ಚಾಗಿ ಆ್ಯಂಟಿಬಯಾಟಿಕ್, ಸಾರ್ಬಿಟಾಲ್ ಎಂಬ ಸಿಹಿ ಅಂಶ ಇರುವ ಸಿರಪ್ ಔಷಧಗಳು ಅಥವಾ ಕ್ಲಾಸ್ಟ್ರಿಡಿಯಂ ಎಂಬ ಸೋಂಕು ಕಾರಣವಾಗಿರುತ್ತದೆ. ಆದರೆ ನಿಮ್ಮ ಹೆಂಡತಿಯ ವಿಷಯದಲ್ಲಿ ನಾನು ಆತುರದ ಮಾತು ಆಡಲಾರೆ. ರಕ್ತದ ಕ್ಯಾನ್ಸರಿನ ಕೀಮೋ ಬಳಿಕ ಬಿಳಿಕಣ ತೀರಾ ಕುಸಿದಾಗ ಕರುಳಿನ ಗೋಡೆಯೇ ಊದಿಕೊಳ್ಳುವ ಟಿಫ್ಲೈಟಿಸ್ ಎಂಬ ತೊಂದರೆ ಬರಬಹುದು. ಹೊಟ್ಟೆಯ ಬಲಗಡೆ ನೋವು, ಜ್ವರ, ಭೇದಿ ಅದರ ಚಿಹ್ನೆಗಳು. ಹಾಗಿದ್ದರೆ ಕರುಳಿಗೆ ವಿಶ್ರಾಂತಿ ಬೇಕೇ ಬೇಕು. ಆಗ ಕೇಳಬೇಕಾದ ಪ್ರಶ್ನೆ, ಕರುಳು ಇನ್ನೂ ಹಲವು ದಿನ ಸಿದ್ಧವಾಗದಿದ್ದರೆ ರಕ್ತನಾಳದ ಮೂಲಕ ಆಹಾರ ಕೊಡುವ ಯೋಜನೆ ಇದೆಯೇ ಎಂಬುದು. ಮೂರರಿಂದ ಏಳು ದಿನಗಳ ಒಳಗೆ ಆ ತೀರ್ಮಾನ ಆಗಬೇಕು.

ಪ್ರಶ್ನೆ: ಫೀಡ್ ಡಬ್ಬದ ಮೇಲೆ ಮಾಲ್ಟೋಡೆಕ್ಸ್ಟ್ರಿನ್, ಸುಕ್ರೋಸ್ ಎಂದಿದೆ. ಸಕ್ಕರೆಯೇ ಕ್ಯಾನ್ಸರಿನ ಊಟ ಎಂದು ಮೊಬೈಲಿಗೆ ಬಂದ ವಿಡಿಯೋ ನೋಡಿ ನನ್ನ ಭಾವ ಫೀಡ್ ನಿಲ್ಲಿಸಿ ಎನ್ನುತ್ತಿದ್ದಾರೆ.
ಓದುಗರು, ಪುಣೆ

ಉತ್ತರ: ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸುತ್ತವೆ ಎಂಬುದನ್ನು ಜರ್ಮನಿಯ ಓಟೋ ವಾರ್‌ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಗೆಡ್ಡೆ ಎಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್ ಕೆಲಸ ಮಾಡುವುದು ಇದೇ ಗುಣವನ್ನು ಆಧರಿಸಿ. ವಿಡಿಯೋ ಮಾಡಿದವರು ಇಲ್ಲಿಯವರೆಗೆ ಬಂದು ನಿಂತುಬಿಡುತ್ತಾರೆ. ನೀವು ಒಂದು ಚಮಚ ಸಕ್ಕರೆ ಕೊಡದಿದ್ದರೂ ರೋಗಿಯ ಯಕೃತ್ತು ಅವನದೇ ಸ್ನಾಯುವನ್ನು ಕರಗಿಸಿ ಗ್ಲೂಕೋಸ್ ತಯಾರಿಸುತ್ತದೆ, ಗೆಡ್ಡೆಗೆ ಅದರ ಪಾಲು ಸಿಕ್ಕೇ ಸಿಗುತ್ತದೆ. ಫೀಡ್ ನಿಲ್ಲಿಸಿದರೆ ಉಪವಾಸ ಬೀಳುವುದು ಉಸಿರಾಟದ ಸ್ನಾಯು, ಹೃದಯ, ಗಾಯ ಮಾಯಬೇಕಾದ ಚರ್ಮ. ನಿಮ್ಮ ಭಾವನಿಗೆ ಈ ಸಾಲುಗಳನ್ನು ಓದಿ ಹೇಳಿ.

ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿ ಇಡಬೇಕು, ಅದು ಬೇರೆ ಮಾತು. 180 ದಾಟಿದರೆ ಐಸಿಯುವಿನಲ್ಲಿ ಇನ್ಸುಲಿನ್ ಆರಂಭಿಸುತ್ತಾರೆ. ಅದನ್ನು ತೀರಾ ಕೆಳಗೆ, ಆರೋಗ್ಯವಂತರ ಮಟ್ಟಕ್ಕೆ ಒತ್ತಿ ಹಿಡಿದರೆ ಸಾವು ಹೆಚ್ಚುತ್ತದೆ ಎಂದು 2009ರ ನೈಸ್-ಶುಗರ್ ಅಧ್ಯಯನ ತೋರಿಸಿತು. ಹಾಗಾಗಿ 150, 160 ಎಂದು ಚಾರ್ಟಿನಲ್ಲಿ ಕಂಡರೆ ಗಾಬರಿ ಬೇಡ.

ಪ್ರಶ್ನೆ: ಅಲ್ಬುಮಿನ್ ಕಡಿಮೆ ಇದೆ ಎಂದು ಬಾಟಲಿ ತರಿಸಿದರು. ಅದು ಪ್ರೋಟೀನೇ ಅಲ್ಲವೇ? ಜೊತೆಗೆ ಪ್ರೋಟೀನ್ ಪುಡಿಯನ್ನು ದುಪ್ಪಟ್ಟು ಹಾಕಿಸಿದರೆ ಬೇಗ ಚೇತರಿಸಿಕೊಳ್ಳುವರೇ?
ಓದುಗರು, ವಾಶಿ

ಉತ್ತರ: ಅಲ್ಬುಮಿನ್ ಬಾಟಲಿ ಆಹಾರವಲ್ಲ. ಸೋಂಕು, ಉರಿಯೂತ ಇರುವಾಗ ರಕ್ತದ ಅಲ್ಬುಮಿನ್ ತಾನಾಗಿ ಕುಸಿಯುತ್ತದೆ, ರೋಗ ಇಳಿದಂತೆ ಏರುತ್ತದೆ. ಪೋಷಣೆಯನ್ನು ಅಳೆಯುವ ಮಾನದಂಡವೂ ಅದಲ್ಲ. ಬೇರೆ ಕಾರಣಕ್ಕೆ ವೈದ್ಯರು ಅದನ್ನು ಕೊಡಬಹುದು, ಆ ಕಾರಣವೇನು ಎಂದು ಕೇಳುವ ಹಕ್ಕು ನಿಮಗಿದೆ. ಪ್ರೋಟೀನ್ ದುಪ್ಪಟ್ಟು ಬೇಡ. 2023ರಲ್ಲಿ ಪ್ರಕಟವಾದ ಎಫರ್ಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದವರಿಗೆ ಕಿಲೋಗೆ 2.2 ಗ್ರಾಂ ಅಥವಾ ಹೆಚ್ಚು ಕೊಡುವ ಗುರಿ ಇಟ್ಟುಕೊಂಡಾಗ ಲಾಭ ಕಾಣಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಿದ್ದವರಿಗೆ ಹಾನಿಯ ಸೂಚನೆಯೇ ಕಂಡಿತು.

ಪ್ರಶ್ನೆ: ಅಮ್ಮನ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯಲ್ಲೆಲ್ಲ ಹರಡಿದೆ. ಇನ್ನು ಕೆಲವೇ ದಿನ ಎಂದಿದ್ದಾರೆ. ಫೀಡ್ ಹಾಕಿದರೆ ವಾಂತಿ. ಅದನ್ನು ಇನ್ನು ಕೊಡುವುದು ಬೇಡ ಎಂದು ಉಪಶಾಮಕ ಚಿಕಿತ್ಸೆಯ ವೈದ್ಯರು ಹೇಳುತ್ತಿದ್ದಾರೆ. ಒಪ್ಪಿದರೆ ಅಮ್ಮನನ್ನು ಹಸಿವಿನಿಂದ ಕೊಂದಂತೆ ಆಗುವುದಿಲ್ಲವೇ?
ಹೆಸರು ಬೇಡ, ಮಡಗಾಂವ್

ಉತ್ತರ: ಆಗುವುದಿಲ್ಲ. ಡೊಂಬಿವಲಿಯ ಮಗಳಿಗೆ ಮೇಲೆ ನಾನು ಕೊಟ್ಟ ಉತ್ತರಕ್ಕೂ ನಿಮಗೆ ಕೊಡುತ್ತಿರುವ ಉತ್ತರಕ್ಕೂ ವಿರೋಧವಿದೆ ಎಂದು ದಯವಿಟ್ಟು ಭಾವಿಸಬೇಡಿ. ಅವರ ತಂದೆಯ ದೇಹ ಆಹಾರವನ್ನು ಬಳಸಿಕೊಂಡು ಮೇಲೇಳುವ ಸಾಧ್ಯತೆ ಇದೆ. ನಿಮ್ಮ ತಾಯಿಯ ದೇಹ ಅದನ್ನು ಬಳಸಿಕೊಳ್ಳುವ ಹಂತ ದಾಟಿದೆ. ಗೆಡ್ಡೆಗಳು ಕರುಳನ್ನು ಒತ್ತಿ ಹಿಡಿದಿರುವಾಗ ಒಳಗೆ ಹೋದದ್ದು ಮುಂದೆ ಸಾಗುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ವಾಂತಿಯಾಗುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಕೊನೆಯ ದಿನಗಳಲ್ಲಿ ಹೆಚ್ಚಿನವರಿಗೆ ಹಸಿವಿನ ಬಾಧೆ ಇರುವುದಿಲ್ಲ, ಇದ್ದರೂ ಒಂದೆರಡು ತುತ್ತು, ಒಂದೆರಡು ಗುಟುಕಿಗೆ ತಣಿಯುತ್ತದೆ. ಅವರು ಸಾಯುತ್ತಿರುವುದು ಕಾಯಿಲೆಯಿಂದ, ಹಸಿವಿನಿಂದಲ್ಲ. ಊಟ ಬಿಟ್ಟದ್ದು ಆ ಕಾಯಿಲೆಯದೇ ಒಂದು ಭಾಗ.

ಬಾಯಿ ಒಣಗುವುದು ಮಾತ್ರ ನಿಜವಾದ ಬಾಧೆ. ಅದಕ್ಕೆ ಸಲೈನ್ ಪರಿಹಾರವಲ್ಲ. ಸ್ಪಂಜು ಅಥವಾ ಶುಭ್ರ ಬಟ್ಟೆಯನ್ನು ನೀರಿನಲ್ಲಿ ಅದ್ದಿ ತುಟಿ, ನಾಲಿಗೆ, ಕೆನ್ನೆಯ ಒಳಭಾಗವನ್ನು ಗಂಟೆಗೊಮ್ಮೆ ಒರೆಸಿ. ತುಟಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಅವರಿಗೆ ಇಷ್ಟವಾದದ್ದನ್ನು, ಸೋಲ್‌ಕಡಿಯೋ, ಮಜ್ಜಿಗೆಯೋ, ಎಳನೀರೋ, ನಾಲಿಗೆಗೆ ತಾಗುವಷ್ಟು ಕೊಡಿ. ಈ ಕೆಲಸವನ್ನು ನರ್ಸ್‌ಗೆ ಬಿಡದೆ ನೀವೇ ಮಾಡಬಹುದು, ಐಸಿಯುವಿನಲ್ಲೂ ಅನುಮತಿ ಕೇಳಿ ಮಾಡಬಹುದು. ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದರೆ ವೈದ್ಯರ ಎದುರು ಎಲ್ಲರೂ ಒಟ್ಟಿಗೆ ಕುಳಿತು ಮಾತನಾಡಿ. ಒಬ್ಬರ ಹೆಗಲ ಮೇಲೆ ಈ ತೀರ್ಮಾನದ ಭಾರ ಬೀಳಬಾರದು.

ಪ್ರಶ್ನೆ: ತಂದೆಯನ್ನು ಐಸಿಯುವಿನಿಂದ ವಾರ್ಡಿಗೆ, ಅಲ್ಲಿಂದ ಮನೆಗೆ ಎಂದು ಕಳಿಸುತ್ತಿದ್ದಾರೆ. ನಾಲಿಗೆಯ ಶಸ್ತ್ರಚಿಕಿತ್ಸೆ ಆಗಿದೆ, ಮೂಗಿನ ನಳಿಕೆ ಇನ್ನೂ ಇದೆ. ತೂಕ 52 ಕಿಲೋ. ಮುಂದಿನ ಚಿಕಿತ್ಸೆ ಮುಗಿಯುವವರೆಗೆ ದಾದರ್‌ನ ಧರ್ಮಶಾಲೆಯಲ್ಲಿ ಇರುತ್ತೇವೆ. ಡಬ್ಬದ ಫೀಡ್ ಕೊಳ್ಳುವ ಶಕ್ತಿ ಮುಗಿದಿದೆ. ಈಗಲಾದರೂ ಮನೆಯ ಆಹಾರ ಕೊಡಬಹುದೇ?
ಮಗ, ರಾಣೆಬೆನ್ನೂರಿನಿಂದ ಬಂದವರು

ಉತ್ತರ: ಈಗ ಕೊಡಬಹುದು. ರೋಗಿ ಸ್ಥಿರವಾಗಿದ್ದಾರೆ, ಬಿಸಿಯಾಗಿ ಮಾಡಿದ್ದನ್ನು ಅಲ್ಲೇ ಕೊಡುತ್ತೀರಿ. ಸಂತ ಗಾಡ್ಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಎಷ್ಟೋ ಕುಟುಂಬಗಳು ವರ್ಷಗಳಿಂದ ಹೀಗೆ ಸಂಭಾಳಿಸಿಕೊಂಡು ಬಂದಿವೆ.

ಒಂದು ಸಲದ ಅಳತೆ ಹೇಳುತ್ತೇನೆ. ಕುದಿಸಿದ ಟೋನ್ಡ್ ಹಾಲು 200 ಮಿಲಿಲೀಟರ್, ಹುರಿಗಡಲೆ ಹಿಟ್ಟು 15 ಗ್ರಾಂ, ಶೇಂಗಾ ಎಣ್ಣೆ ಒಂದು ಚಮಚ, ಸಕ್ಕರೆ ಎರಡು ಚಮಚ. ಇದರಲ್ಲಿ ಸುಮಾರು 250 ಕ್ಯಾಲೊರಿ, 9 ಗ್ರಾಂ ಪ್ರೋಟೀನ್ ಇದೆ. ದಿನಕ್ಕೆ ಏಳು ಸಲ ಕೊಟ್ಟರೆ 1,750 ಕ್ಯಾಲೊರಿ, 63 ಗ್ರಾಂ ಪ್ರೋಟೀನ್ ಆಗುತ್ತದೆ, 52 ಕಿಲೋ ತೂಕಕ್ಕೆ ಒಳ್ಳೆಯ ಆರಂಭ. ಹಾಲಿನ ಎರಡು ಸರದಿಯ ಬದಲು ಹೆಸರುಬೇಳೆ ತೊವ್ವೆಯನ್ನು ಮಿಕ್ಸಿಗೆ ಹಾಕಿ, ತೆಳುವಾದ ಬಟ್ಟೆಯಲ್ಲಿ ಸೋಸಿ ಕೊಡಬಹುದು. ಮೊಟ್ಟೆ ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯ ಬಿಳಿಯನ್ನು ಅದರಲ್ಲೇ ರುಬ್ಬಿ, ಹಸಿ ಮೊಟ್ಟೆ ಮಾತ್ರ ಎಂದಿಗೂ ಬೇಡ. ನಿಮ್ಮ ಕಡೆ ಪುಟಾಣಿ ಎನ್ನುವ ಹುರಿಗಡಲೆಯನ್ನು ಇಲ್ಲಿ ಪಂಢರಪುರಿ ಡಾಳೆ ಎಂದು ಕೇಳಿ ಪಡೆಯಿರಿ, ಮಾಟುಂಗಾದ ಅಂಗಡಿಗಳಲ್ಲಿ ಕನ್ನಡದಲ್ಲೇ ಕೇಳಿದರೂ ಸಿಕ್ಕೀತು. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಈ ಅಳತೆ ನಡೆಯುವುದಿಲ್ಲ, ಆಸ್ಪತ್ರೆಯ ಆಹಾರ ತಜ್ಞರಿಂದ ಬೇರೆ ಬರೆಸಿಕೊಳ್ಳಿ. ಮೂತ್ರಪಿಂಡ ಸೋತವರಿಗೆ ಎಳನೀರು ಸಹ ಪೊಟ್ಯಾಸಿಯಂ ಏರಿಸಿ ಅಪಾಯ ತರುತ್ತದೆ.

ಕೊಡುವಾಗ ತಂದೆಯನ್ನು ಒರಗಿಸಿ ಕೂರಿಸಿ, ಮುಗಿದ ಮೇಲೂ ಮುಕ್ಕಾಲು ಗಂಟೆ ಮಲಗಿಸಬೇಡಿ. ಮೊದಲು ಮತ್ತು ಆಮೇಲೆ ಕುದಿಸಿ ಆರಿಸಿದ ನೀರು 30 ಮಿಲಿಲೀಟರ್ ಬಿಟ್ಟು ನಳಿಕೆ ತೊಳೆಯಿರಿ. ಗುಳಿಗೆಗಳನ್ನು ಫೀಡ್‌ಗೆ ಬೆರೆಸದೆ ಬೇರೆಯಾಗಿ ಪುಡಿ ಮಾಡಿ ಕೊಡಿ, ಪುಡಿ ಮಾಡಬಾರದ ಗುಳಿಗೆ ಯಾವುದು ಎಂದು ಔಷಧ ಕೊಡುವವರನ್ನು ಕೇಳಿಕೊಳ್ಳಿ. ಕಲಸಿದ್ದು ಎರಡು ಗಂಟೆ ಹೊರಗೆ ಉಳಿದರೆ ಚೆಲ್ಲಿಬಿಡಿ, ಹೊಟ್ಟೆ ಉರಿದರೂ ಚೆಲ್ಲಿ.

ಅವರು ಬಾಯಿಂದ ನೀರು ಕೇಳುತ್ತಾರೆ, ನಿಮಗೆ ಕೊಡಬೇಕೆನಿಸುತ್ತದೆ. ವೆಂಟಿಲೇಟರ್ ಮೇಲಿದ್ದು ಬಂದವರಿಗೆ, ಅದರಲ್ಲೂ ನಾಲಿಗೆಯ ಶಸ್ತ್ರಚಿಕಿತ್ಸೆ ಆದವರಿಗೆ, ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಕೆಮ್ಮು ಬರಲೇಬೇಕೆಂದಿಲ್ಲ. ನುಂಗುವಿಕೆಯ ಪರೀಕ್ಷೆ ಮಾಡುವ ಚಿಕಿತ್ಸಕರು ಒಪ್ಪುವವರೆಗೆ ಒಂದು ಚಮಚವೂ ಬೇಡ. ಮೂಗಿನ ಬಳಿ ನಳಿಕೆಯ ಮೇಲೆ ನರ್ಸ್ ಹಾಕಿಕೊಟ್ಟ ಗೆರೆಯನ್ನು ಪ್ರತಿ ಸಲ ನೋಡಿ. ಗೆರೆ ಹೊರಗೆ ಸರಿದಿದ್ದರೆ ನೀವೇ ಒಳಗೆ ತಳ್ಳಬೇಡಿ, ಆ ಹೊತ್ತಿನ ಫೀಡನ್ನು ಕೊಡಲೂ ಬೇಡಿ. ನಳಿಕೆಗೆ ಅಂಟುಪಟ್ಟಿ ಹಾಕಿ ಭದ್ರ ಮಾಡಿ, ಟ್ಯಾಕ್ಸಿ ಹಿಡಿದು ನೇರವಾಗಿ ಆಸ್ಪತ್ರೆಗೆ ಹೋಗಿ.